ಕೊನೆಯ ಬುಲೆಟಿನ್‌ನಲ್ಲಿ ಎಲ್ಲ ಹೇಳಿಬಿಡ್ತೀನಿ ಅಂದವಳು

ಎರಡು ವರ್ಷದ ಹಿಂದಿನ ಪ್ರಕರಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯೋಕೆ ಆಕೆಯ ಒಪ್ಪಿಗೆಯೂ ಇದೆ.

ಬೆಂಗಳೂರಿನ ಒಂದು ಕನ್ನಡ ಸುದ್ದಿ ವಾಹಿನಿಯ ನಿರೂಪಕಿ. ವಯಸ್ಸು 31. ಗದಗ ಕಡೆಯವಳು. ಚಿಕ್ಕವಳಿದ್ದಾಗ ಸೌಟನ್ನೇ ಮೈಕ್ ಮಾಡಿಕೊಂಡು ಅಜ್ಜಿಗೆ ಪೇಪರ್ ಓದಿ ಹೇಳುತ್ತಿದ್ದಳಂತೆ. ಬಯಸಿ ಬಯಸಿ ಪಡೆದ ಕೆಲಸ.

ಆ ಕೆಲಸ ಬಿಡುವ ಬಗ್ಗೆ ಸಲಹೆ ಕೇಳೋಕೆ ನನ್ನ ಹತ್ತಿರ ಬಂದಿದ್ದಳು. ಬಂದ ಮೊದಲ ದಿನ ಅರ್ಧ ಗಂಟೆ ಟಿವಿ ಕನ್ನಡದಲ್ಲೇ ಮಾತಾಡಿದಳು. ಒಂದು ಒತ್ತಕ್ಷರ ತಪ್ಪಲಿಲ್ಲ. ಸುದ್ದಿ ಓದುವುದು ಕಡಿಮೆಯಾಗಿ ರಾತ್ರಿಯ ಚರ್ಚೆಗಳು ಜಾಸ್ತಿಯಾಗಿದ್ದು, "ಇನ್ನೂ ಜೋರಾಗಿ ಕೇಳಿ, ಬಿಡಬೇಡಿ" ಅಂತ ಕಂಟ್ರೋಲ್ ರೂಮಿನವರು ಇಯರ್‌ಪೀಸ್‌ನಲ್ಲಿ ಹೇಳುತ್ತಿದ್ದದ್ದು, ಸ್ವರತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಕೂಗೋದು ನಿಲ್ಲಿಸಿ ಅಂತ ಇಎನ್‌ಟಿ ಡಾಕ್ಟರು ಎಚ್ಚರಿಸಿದ್ದು, ಎಲ್ಲವನ್ನೂ ಯಾರದೋ ಸುದ್ದಿಯ ಹಾಗೆ ಒಪ್ಪಿಸಿದಳು. "ಮನೆಯಲ್ಲಿ ಗೊತ್ತಾ?" ಅಂದೆ. ಆಗ ಗದಗ ಹೊರಗೆ ಬಂತು.

"ಸಾಕಾಗೈತ್ರೀ ಮೇಡಂ. ಅಪ್ಪ ದಿನಾ ರಾತ್ರಿ ನನ್ನ ನೋಡಾಕಂತ ಟಿವಿ ಮುಂದ ಕುಂದರತಾನ. ಅವಂಗ ಹೆಂಗ ಹೇಳ್ಲಿ?"

ಬಿಡುವ ತೀರ್ಮಾನ ಆಗಲೇ ಆಗಿತ್ತು. ಹೇಗೆ ಬಿಡಬೇಕು ಅನ್ನೋ ಯೋಜನೆ ಮಾತ್ರ ಭಯಂಕರ. ಲೈವ್‌ನಲ್ಲೇ, ಕೊನೆಯ ಬುಲೆಟಿನ್ ಮುಗಿಸುವಾಗ, ಎಲ್ಲರ ಬಣ್ಣ ಬಯಲು ಮಾಡೋದು! ನಾನು ಬೇಡ ಅನ್ನಲಿಲ್ಲ. ಬರೆದುಕೊಂಡು ಬನ್ನಿ ಅಂದೆ. ನಾಲ್ಕು ಪುಟ ತಂದಳು. ಗಟ್ಟಿಯಾಗಿ ಓದಿಸಿದೆ. ಎರಡನೇ ಪುಟದಲ್ಲಿ ತಾನೇ ನಿಲ್ಲಿಸಿ, "ಇದೂ ರಾತ್ರಿ ಚರ್ಚೆ ಇದ್ದಂಗ ಐತಲ್ರೀ" ಅಂದಳು. ನಾನು ಒಂದು ಗಂಟೆ ಕೊರೆದಿದ್ದರೂ ಇಷ್ಟು ಚೆನ್ನಾಗಿ ಹೇಳೋಕೆ ಆಗ್ತಿರಲಿಲ್ಲ.

ನಾಲ್ಕು ಪುಟ ನಾಲ್ಕು ಸಾಲಿನ ರಾಜೀನಾಮೆ ಪತ್ರಕ್ಕೆ ಇಳಿಯಿತು. ಹುದ್ದೆ, ಕೊನೆಯ ದಿನ, ಕೆಲಸ ಯಾರಿಗೆ ಒಪ್ಪಿಸುತ್ತೇನೆ, ವಂದನೆ. ಕೂಗಿಸುವ ವಿಷಯವನ್ನು ಸಂಪಾದಕರ ಎದುರು ಕೂತು ಹೇಳಿ ಅಂದೆ, ಅದನ್ನು ಬದಲಾಯಿಸುವ ಅಧಿಕಾರ ಇರೋದು ಅವರಿಗೆ ತಾನೇ. ಆದರೆ ಲೈಂಗಿಕ ಕಿರುಕುಳ ಆಗಿದ್ದರೆ ನಾಲ್ಕು ಸಾಲು ಸಾಕು ಅಂತ ನಾನು ಖಂಡಿತ ಹೇಳುತ್ತಿರಲಿಲ್ಲ. 2013ರ ಕಾನೂನಿನಡಿ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು, ಸಾಮಾನ್ಯವಾಗಿ 3 ತಿಂಗಳೊಳಗೆ. ಮರ್ಯಾದೆಯಿಂದ ಬಿಡೋದು ಅಂದ್ರೆ ಎಲ್ಲ ನುಂಗಿಕೊಂಡು ಹೋಗೋದು ಅಂತ ದಯವಿಟ್ಟು ಓದಿಕೊಳ್ಳಬೇಡಿ.

ಇನ್ನು ದುಡ್ಡು. ನಾಳೆಯೇ ಬ್ಯಾಗ್ ಎತ್ತಿಕೊಂಡು ಹೊರಡ್ತೀನಿ ಅಂತಿದ್ದಳು. ಸೇರಿದ ತಾರೀಕು ಕೇಳಿದೆ. 4 ವರ್ಷ 10 ತಿಂಗಳು ಆಗಿತ್ತು! ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯ ಪ್ರಕಾರ ಅವಳಂಥ ಕಾಯಂ ನೌಕರರಿಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡಿಗಂಟು, ಸಿಗೋಕೆ ಸಾಮಾನ್ಯವಾಗಿ 5 ವರ್ಷ ತುಂಬಬೇಕಿತ್ತು. ನೋಟಿಸ್ ಅವಧಿ 3 ತಿಂಗಳು, ಅಷ್ಟೂ ದಿನ ಕೆಲಸ ಮಾಡಿದರೆ ಅದೂ ಸೇವೆಯ ಲೆಕ್ಕಕ್ಕೇ. ತಿಂಗಳ ಬೇಸಿಕ್ ಸಂಬಳ 26 ಸಾವಿರ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15 ಸಾವಿರ, ಐದು ವರ್ಷಕ್ಕೆ 75 ಸಾವಿರ. "ಒಂದು ದಿನದ ಸಿಟ್ಟಿಗೆ ಅಷ್ಟು ದುಡ್ಡು ಕೊಡ್ತೀರಾ?" ಅಂದೆ. ನಕ್ಕಳು, ಮೊದಲ ಸಲ. ಪಿಎಫ್ ತೆಗೆಯಬೇಡಿ, ಪಿಎಫ್ ಖಾತೆಯ ಕಾಯಂ ಸಂಖ್ಯೆಯಾದ ಅದೇ ಯುಎಎನ್‌ನಲ್ಲಿ ಮುಂದಿನ ಕೆಲಸಕ್ಕೆ ವರ್ಗಾಯಿಸಿ, ರಿಲೀವಿಂಗ್ ಲೆಟರ್ ಕೈಗೆ ಬರೋವರೆಗೂ ಬೆನ್ನು ಬಿಡಬೇಡಿ ಅಂತಲೂ ಹೇಳಿದೆ.

ಆ ಮೂರು ತಿಂಗಳು ಗಂಟಲು ಉಳಿಯಬೇಕಲ್ವಾ? ಡಾಕ್ಟರ ಚೀಟಿ ತೋರಿಸಿ ಕೇಳಿದ್ದಕ್ಕೆ ಚರ್ಚೆ ಬಿಡಿಸಿ ಬೆಳಗಿನ ಬುಲೆಟಿನ್‌ಗೆ ಹಾಕಿದರು. ಇಲ್ಲೇ ನಾನು ಎಡವಿದ್ದು. ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ನಿಧಾನಕ್ಕೆ ಹೇಳಿ ಅಂದಿದ್ದೆ, ರಾತ್ರಿ ಟಿವಿಯಲ್ಲಿ ಮಗಳು ಕಾಣದಿದ್ದರೆ ಅವರು ಹಬ್ಬದವರೆಗೂ ಸುಮ್ನೆ ಇರ್ತಾರಾ ಅಂತ ಹೊಳೆಯಲೇ ಇಲ್ಲ. ಎರಡೇ ದಿನಕ್ಕೆ ಫೋನ್ ಬಂತು. "ರಾತ್ರಿ ಯಾಕ ಕಾಣವಲ್ಲಿ, ಆರಾಮ ಇಲ್ಲೇನವಾ?" ಆಕೆ ಬಸ್‌ಸ್ಟಾಪ್‌ನಲ್ಲಿ ನಿಂತುಕೊಂಡೇ ಎಲ್ಲ ಹೇಳಿದಳು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ನಿನ್ನ ದನಿ ಒಡದದ್ದು ಮೂರು ತಿಂಗಳ ಹಿಂದನ ಗೊತ್ತಾಗಿತ್ತು ನನಗ" ಅಂದರಂತೆ.

ಕೊನೆಯ ದಿನ ಸುದ್ದಿ ಓದಿ, ಎಂದಿನ ಹಾಗೆ ನಮಸ್ಕಾರ ಹೇಳಿ, ಮೇಕಪ್‌ನವರಿಗೂ ಕ್ಯಾಮೆರಾದವರಿಗೂ ಧಾರವಾಡ ಪೇಡೆ ಹಂಚಿ ಬಂದಳು. ಈಗ ಆಡಿಯೋ ಪಾಠಗಳಿಗೆ ದನಿ ಕೊಡುತ್ತಾಳೆ, ಮೆತ್ತಗೆ. ಅಪ್ಪ ಇವತ್ತಿಗೂ ರಾತ್ರಿ ಅದೇ ಚಾನೆಲ್ ಹಚ್ಚಿ, ಹೊಸ ಹುಡುಗಿಗೆ ಳಕಾರ ಬರಂಗಿಲ್ಲ ಅಂತ ಬೈತಾರಂತೆ.