ಪದವಿನಲ್ಲಿ ವಿಮಾನ ಇಳಿದೀತೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಮನೆಯ ಗ್ಯಾರೇಜಿನಲ್ಲಿ ಝೆನಿತ್ ಸಿಎಚ್ 701 ಅನ್ನುವ ಕಿಟ್ ವಿಮಾನ ಜೋಡಿಸುತ್ತಿದ್ದಾನೆ. ಇಬ್ಬರು ಕೂರಬಹುದಂತೆ, ನೂರು ಅಡಿ ಓಡಿದರೆ ಮೇಲೇಳುತ್ತದಂತೆ. ಎಂಜಿನ್ ಮಾತ್ರ ನಮ್ಮ ಸಣ್ಣ ಕಾರಿನಷ್ಟು, 80 ಎಚ್‌ಪಿ. ಇದು ನಂಬುವ ಮಾತಾ?
– ಓದುಗರೊಬ್ಬರು, ಪೆರ್ಲ

ಉತ್ತರ: ನಂಬಬಹುದು. ಆದರೆ ಎಂಜಿನ್ ನೋಡಿ ಲೆಕ್ಕ ಹಾಕಬೇಡಿ, ರೆಕ್ಕೆ ನೋಡಿ. ವಿಮಾನ ನೆಲದ ಮೇಲೆ ಓಡುವುದೇ ರೆಕ್ಕೆಗೆ ಸಾಕಷ್ಟು ಗಾಳಿ ಸಿಗಲಿ ಅಂತ. ಗಂಟೆಗೆ 100 ಕಿ.ಮೀ. ವೇಗ ಬಂದ ಮೇಲೆ ಭಾರ ಎತ್ತುವ ರೆಕ್ಕೆಯ ಬದಲು 50ರಲ್ಲೇ ಎತ್ತುವ ರೆಕ್ಕೆ ಹಾಕಿದಿರಿ ಅಂತಿಟ್ಟುಕೊಳ್ಳಿ. ಆಗ ಓಟ ಅರ್ಧಕ್ಕಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಕ್ರಿಸ್ ಹೈಂಟ್ಸ್ ಅನ್ನುವ ಎಂಜಿನಿಯರ್ 1980ರ ದಶಕದಲ್ಲಿ ಈ ವಿಮಾನ ಮಾಡಿದಾಗ ಹಿಡಿದ ದಾರಿ ಇದೇ. ಇದು ಗಾಳಿಯಿಂದ ಜಾರಿ ಬೀಳುವ ವೇಗ, ಅಂದರೆ ಸ್ಟಾಲ್ ವೇಗ, ಗಂಟೆಗೆ ಸುಮಾರು 48 ಕಿ.ಮೀ. ಅಷ್ಟೇ.

ಹೇಗೆ ಅಂದರೆ, ರೆಕ್ಕೆ ದಪ್ಪ. ಅದರ ಮುಂದಿನ ಅಂಚಿಗೆ ಉದ್ದಕ್ಕೂ ಒಂದು ಪಟ್ಟಿ, ಅದಕ್ಕೆ ಸ್ಲ್ಯಾಟ್ ಅಂತಾರೆ. ಪಟ್ಟಿಗೂ ರೆಕ್ಕೆಗೂ ನಡುವೆ ಸಂದು ಬಿಟ್ಟಿರುತ್ತಾರೆ. ಮೂಗು ಜಾಸ್ತಿ ಎತ್ತಿದರೆ ಸಾಮಾನ್ಯ ರೆಕ್ಕೆಯ ಮೇಲೆ ಗಾಳಿ ಅಂಟಿಕೊಂಡು ಹರಿಯದೆ ಬಿಟ್ಟುಹೋಗುತ್ತದೆ, 15 ಡಿಗ್ರಿ ಆಸುಪಾಸಿನಲ್ಲೇ ಕಥೆ ಮುಗಿಯಿತು. ಇಲ್ಲಿ ಸಂದಿನಿಂದ ನುಗ್ಗುವ ಗಾಳಿ ಮೇಲಿನ ಹರಿವಿಗೆ ಬಲ ಕೊಡುವುದರಿಂದ ಸುಮಾರು 30 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಮಂಜೇಶ್ವರದ ಮೀನು ದಕ್ಕೆಯಲ್ಲಿ ಹದ್ದು ಇಳಿಯುವುದನ್ನು ಸರಿಯಾಗಿ ನೋಡಿ, ರೆಕ್ಕೆಯ ಮಣಿಕಟ್ಟಿನ ಹತ್ತಿರ ಪುಟ್ಟ ಗರಿ ಎದ್ದು ನಿಲ್ಲುತ್ತದೆ. ಕೆಲಸ ಅದೇ. ದೊಡ್ಡ ವಿಮಾನಗಳಲ್ಲಿ ಸ್ಲ್ಯಾಟ್ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತದೆ, ಇದರಲ್ಲಿ ಮಾತ್ರ ಅಲ್ಲಾಡದ ಹಾಗೆ ಕೂರಿಸಿದ್ದಾರೆ. ಗ್ಯಾರೇಜಿನಲ್ಲಿ ಕಟ್ಟುವವನಿಗೆ ಮೋಟಾರು, ಸರಪಳಿ ಅಂತ ತಲೆಬಿಸಿ ಇಲ್ಲ, ಕೆಡುವುದಕ್ಕೂ ಏನೂ ಇಲ್ಲ. ನನಗೆ ಈ ವಿಮಾನದಲ್ಲಿ ಬಹಳ ಹಿಡಿಸಿದ ಸಂಗತಿ ಇದು.

ಹಿಂದಿನ ಅಂಚಿನ ಕೆಳಗೆ ಇನ್ನೊಂದು ಪುಟ್ಟ ರೆಕ್ಕೆ ತೂಗುಹಾಕಿದ ಹಾಗೆ ಕಾಣುತ್ತದಲ್ವಾ, ಅದು ಫ್ಲಾಪೆರಾನ್. ಎರಡೂ ಬದಿ ಒಟ್ಟಿಗೆ ಇಳಿಸಿದರೆ ಫ್ಲ್ಯಾಪ್, ಒಂದು ಮೇಲೆ ಒಂದು ಕೆಳಗೆ ಮಾಡಿದರೆ ವಿಮಾನ ವಾಲಿಸುವ ಏಲೆರಾನ್. ಹೊರಗೆ ತೂಗುವುದರಿಂದ ಕದಡದ ಗಾಳಿ ಸಿಗುತ್ತದೆ, ನಿಧಾನದಲ್ಲೂ ಹಿಡಿತ ತಪ್ಪುವುದಿಲ್ಲ.

ಬೆಲೆ ತೆರುವುದು ವೇಗದಲ್ಲಿ. ಆ ಪಟ್ಟಿ, ಆ ತೂಗುರೆಕ್ಕೆ ಎಲ್ಲ ಗಾಳಿಗೆ ಅಡ್ಡ, ಹಾಗಾಗಿ ಗಂಟೆಗೆ 130 ಕಿ.ಮೀ. ಹತ್ತಿರ ಹೋದರೆ ಹೆಚ್ಚು. ತಲಪಾಡಿ ಹೆದ್ದಾರಿಯಲ್ಲಿ ಕೆಲವರು ಕಾರನ್ನೇ ಹಾಗೆ ಓಡಿಸುತ್ತಾರೆ ಬಿಡಿ.

ಪ್ರಶ್ನೆ: ಈ ವಿಮಾನದ ಬಾಲದ ರೆಕ್ಕೆ ತಲೆಕೆಳಗಾಗಿದೆಯಂತೆ, ಹೌದಾ?
– ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಹೌದು, ಬೇಕಂತಲೇ. ಮೂಗು ಅಷ್ಟು ಎತ್ತಬೇಕಾದರೆ ಬಾಲವನ್ನು ಯಾರಾದರೂ ಕೆಳಗೆ ಒತ್ತಬೇಕು. ಮಗುಚಿ ಹಾಕಿದ ರೆಕ್ಕೆ ಆ ಕೆಲಸ ಮಾಡುತ್ತದೆ. ಒತ್ತುವಾಗ ಬಾಲ ನೆಲಕ್ಕೆ ಬಡಿಯಬಾರದಲ್ಲ, ಅದಕ್ಕೆ ಹಿಂಭಾಗವನ್ನು ಓರೆಯಾಗಿ ಮೇಲಕ್ಕೆ ಎತ್ತಿದ್ದಾರೆ. ಇನ್ನೂ ಒಂದು ನೋಡು: ಬಾಲದಲ್ಲಿ ನೆಟ್ಟಗೆ ನಿಂತ ಹಲಗೆ ಇಡೀ ತಿರುಗುತ್ತದೆ. ಬೇರೆ ವಿಮಾನಗಳಲ್ಲಿ ಸಾಮಾನ್ಯವಾಗಿ ಹಿಂದಿನ ತುಂಡು ಮಾತ್ರ.

ಪ್ರಶ್ನೆ: ನಮ್ಮ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲುಗಳಲ್ಲಿ, ಇಂಥದ್ದು ಇಳಿಸಬಹುದಲ್ಲ? ಪೆರಿಯದ ಏರ್‌ಸ್ಟ್ರಿಪ್ ಬರುತ್ತದೆ ಅಂತ ಕಾದು ಸಾಕಾಯಿತು. ಕಿಟ್ ತರಿಸಿ ಇಲ್ಲೇ ಕಟ್ಟಿದರೆ?
– ವರ್ಕ್‌ಶಾಪ್ ಮಾಲೀಕರು, ಸೀತಾಂಗೋಳಿ

ಉತ್ತರ: ಕಟ್ಟುವ ಕೆಲಸ ನಿಮಗೆ ಕಷ್ಟ ಆಗಲಿಕ್ಕಿಲ್ಲ. ಅಲ್ಯೂಮಿನಿಯಂ ಕಿಟಕಿಗೆ ಹೊಡೆಯುವ ಪಾಪ್ ರಿವೆಟ್‌ನ ಜಾತಿಯದ್ದೇ ಇದಕ್ಕೂ. ಜಾತಿ ಒಂದೇ ಅಂತ ಅಂಗಡಿ ರಿವೆಟ್ ಹೊಡೆದುಬಿಡಬೇಡಿ ಮಾರಾಯ್ರೆ, ತಗಡೂ ರಿವೆಟೂ ವಿಮಾನದ ದರ್ಜೆಯದ್ದೇ ಆಗಬೇಕು.

ಪದವಿನ ವಿಷಯಕ್ಕೆ ಬಂದರೆ, ನೂರು ಅಡಿ ಅನ್ನುವುದು ಚಕ್ರ ನೆಲ ಬಿಡುವವರೆಗಿನ ಓಟ. ಆಚೆ ಕೊನೆಯಲ್ಲಿ 50 ಅಡಿಯ ಅಡಿಕೆ ಮರ ಇದ್ದರೆ ಅದನ್ನು ದಾಟಲು ಇನ್ನೂ ಎಷ್ಟೋ ಜಾಗ ಬೇಕು. ಏಪ್ರಿಲ್‌ನ 35 ಡಿಗ್ರಿ ಬಿಸಿಲಿನಲ್ಲಿ ಗಾಳಿ, 15 ಡಿಗ್ರಿಯಲ್ಲಿ ಇರುವುದಕ್ಕಿಂತ ಶೇ. 6ರಷ್ಟು ತೆಳು, ರೆಕ್ಕೆ ಎಂಜಿನ್ ಎರಡಕ್ಕೂ ನಷ್ಟ. ಮುಳಿಹುಲ್ಲಿನ ಅಡಿಯಲ್ಲಿ ಮುರಕಲ್ಲಿನ ಗುಂಡಿ ಕಾಣುವುದೇ ಇಲ್ಲ. ದಪ್ಪ ಟೈರು ಸ್ವಲ್ಪ ತಡೆಯುತ್ತದೆ, ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಪ್ರೊಪೆಲ್ಲರ್ ಹೋಯಿತು.

ಕಾಗದಪತ್ರದ ದಾರಿ ಇನ್ನೂ ಉದ್ದ. ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಸ್ವಂತ ಮಾಡಿದರೆ ಮನೆಯಲ್ಲಿ ಕಟ್ಟಿದ ವಿಮಾನ ಅಂತ ನೋಂದಣಿ ಸಿಗುತ್ತದೆ. ಇಲ್ಲಿ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಇಲಾಖೆಯ ನೋಂದಣಿ, ಹಾರಾಟದ ಪರವಾನಗಿ, ನಿಮಗೆ ಪೈಲಟ್ ಲೈಸನ್ಸ್, ಎಲ್ಲ ಬೇಕು. ಮುಂಬೈಯಲ್ಲಿ ಮನೆಯ ತಾರಸಿ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅದನ್ನು 2016ರಲ್ಲಿ ಪ್ರದರ್ಶನಕ್ಕಿಟ್ಟರು, ಹಾರಾಟದ ಅನುಮತಿ ಕೈಗೆ ಬಂದದ್ದು 2019ರಲ್ಲಿ. ನಿಮ್ಮ ಮಕ್ಕಳಿಗೆ ಆಸೆ ಇದ್ದರೆ ಎನ್‌ಸಿಸಿ ಏರ್ ವಿಂಗ್ ಸೇರಿಸಿ, ಅಲ್ಲಿ ಕೆಡೆಟ್‌ಗಳನ್ನು ಇದೇ 701ರಲ್ಲಿ ಹಾರಿಸಿದ್ದಾರೆ.

ಪ್ರಶ್ನೆ: ಅಡಿಕೆಗೆ ಬೋರ್ಡೋ ಬಿಡಲು ಜನ ಸಿಗುವುದಿಲ್ಲ. ಈ ವಿಮಾನದಿಂದ ಆಗದೇ?
– ಕೃಷಿಕರು, ಎಣ್ಮಕಜೆ

ಉತ್ತರ: ಆಗದು. ಕೊಳೆರೋಗದ ಮದ್ದು ಗೊನೆಗೆ ತಾಗಬೇಕು, ಮೇಲಿನಿಂದ ಬಿಟ್ಟರೆ ಸೋಗೆಗೆ ಬೀಳುತ್ತದೆ. ಪೈಲಟ್, ಪೆಟ್ರೋಲ್ ಕಳೆದರೆ ಹೊರಲು ಉಳಿಯುವುದು ಬರೀ ನೂರು ಕಿಲೋ ಚಿಲ್ಲರೆ. ಅಲ್ಲದೆ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಊರು ನಿಮ್ಮದು. ಈ ಪ್ರಶ್ನೆ ನಿಮ್ಮಿಂದ ಬಂತಲ್ಲ ಅಂತ ನನಗೆ ಆಶ್ಚರ್ಯ.