ಕ್ರೂಸ್ ಹಡಗಿನ ರೂಮಲ್ಲಿ ಟಿವಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ, ಕೊಡಗಿನ ತೋಟಕ್ಕೆ ವಾಪಸ್ ಬರೋ ಮುಂಚೆ ಒಂಬತ್ತು ವರ್ಷ ಕ್ರೂಸ್ ಹಡಗುಗಳಲ್ಲಿ ಟಿವಿ ಮತ್ತೆ ಸೌಂಡ್ ನೋಡ್ಕೊಳ್ಳೋ ಕೆಲಸದಲ್ಲಿದ್ದೆ ಅಂತ ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ಅದಕ್ಕೆ ಈ ಸಲ ಕಾಳುಮೆಣಸಿನ ಪ್ರಶ್ನೆಗಿಂತ ಹಡಗಿನ ಪ್ರಶ್ನೆಗಳೇ ಜಾಸ್ತಿ ಬಂದಿವೆ, ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ಆಯ್ತು ಅಂತ ಅಮೆರಿಕದಲ್ಲಿರೋ ತಂಗಿ ಜೂನ್‌ನಲ್ಲಿ ಅಲಾಸ್ಕಾ ಕ್ರೂಸ್ ಬುಕ್ ಮಾಡಿದಾಳೆ. ದುಡ್ಡು ಉಳಿಸೋಕೆ ಕಿಟಕಿ ಇಲ್ಲದ ಒಳಗಿನ ರೂಮು ತಗೊಂಡಿದಾಳಂತೆ. ಅಮ್ಮಂಗೆ ಆ ಮಾತು ಕೇಳಿದಾಗಿಂದ ಉಸಿರು ಕಟ್ಟಿದ ಹಾಗಾಗ್ತಿದೆ. ಟಿವಿ ಒಂದಿದ್ದರೆ ಸಾಕಾ? (ಶನಿವಾರಸಂತೆಯ ಓದುಗರು)

ಉತ್ತರ: ಅಣ್ಣ, ಅಮ್ಮನ ಭಯ ಸುಮ್ಮನೆ ತಳ್ಳಿಹಾಕೋದಲ್ಲ. ಒಳಗಿನ ರೂಮಲ್ಲಿ ಲೈಟ್ ಆಫ್ ಮಾಡಿದ್ರೆ ಕೈ ಮುಂದೆ ಹಿಡಿದ್ರೂ ಕಾಣಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದಾಗ ನಮ್ಮ ಮನೆ ಅಟ್ಟದಲ್ಲಿರೋ ಕತ್ತಲೆಗಿಂತ ಜಾಸ್ತಿ, ಬೆಳಗಾಯ್ತಾ ಇಲ್ವಾ ಅಂತ ಗೊತ್ತಾಗೋದು ಗಡಿಯಾರ ನೋಡಿದಾಗ ಮಾತ್ರ. ಆದರೆ ಅದಕ್ಕೆ ಟಿವಿಯಲ್ಲೇ ಒಳ್ಳೆ ಪರಿಹಾರ ಇದೆ. ಹೆಚ್ಚಿನ ದೊಡ್ಡ ಹಡಗಲ್ಲಿ ಒಂದು ಚಾನೆಲ್ ಇರತ್ತೆ, ಹಡಗಿನ ಮುಂಭಾಗದಲ್ಲಿ ಕೂರಿಸಿರೋ ಕ್ಯಾಮೆರಾ ಏನು ನೋಡ್ತಿದೆಯೋ ಅದನ್ನ ದಿನವಿಡೀ ಲೈವ್ ತೋರಿಸ್ತಾರೆ, ಮಾತಿಲ್ಲ, ಜಾಹೀರಾತಿಲ್ಲ, ಸಮುದ್ರ ಮತ್ತೆ ಆಕಾಶ ಅಷ್ಟೆ. ರೂಮಿಗೆ ಹೋದ ತಕ್ಷಣ ಅಮ್ಮಂಗೆ ಆ ಚಾನೆಲ್ ಹಾಕಿಕೊಡೋಕೆ ಹೇಳಿ, ಸೌಂಡ್ ಪೂರ್ತಿ ಕಮ್ಮಿ ಮಾಡಿ ರಾತ್ರಿಯೂ ಹಾಗೇ ಬಿಡಲಿ. ಹಡಗು ನಡೆಸೋ ಅಧಿಕಾರಿಗಳ ಕಣ್ಣಿಗೆ ಕತ್ತಲೆ ಹೊಂದಿಕೊಂಡಿರಬೇಕು ಅಂತ ರಾತ್ರಿ ಮುಂಭಾಗದ ಜೋರು ಲೈಟೆಲ್ಲ ಆರಿಸಿರ್ತಾರೆ, ಹಾಗಾಗಿ ಸ್ಕ್ರೀನಲ್ಲಿ ಮಂದ ಬೆಳಕು ಮಾತ್ರ ಉಳಿಯತ್ತೆ, ಬಾತ್‌ರೂಮಿಗೆ ಎದ್ದು ಹೋಗೋಕೆ ಅಷ್ಟು ಸಾಕು, ನಿದ್ದೆಗೂ ತೊಂದರೆ ಇಲ್ಲ. ಬೆಳಗಾಗ್ತಿದ್ದ ಹಾಗೆ ರೂಮು ತಾನಾಗೇ ನಿಧಾನಕ್ಕೆ ಬೆಳ್ಳಗಾಗತ್ತೆ. ನಾನು ಇದನ್ನ ಎಷ್ಟೋ ವಯಸ್ಸಾದವರಿಗೆ ಹಾಕಿಕೊಟ್ಟಿದೀನಿ, ಮಾರನೇ ದಿನ ಅವರ ಮುಖ ನೋಡಿದ್ರೇ ಗೊತ್ತಾಗ್ತಿತ್ತು ಚೆನ್ನಾಗಿ ಮಲಗಿದ್ರು ಅಂತ. ಒಂದು ವಿಷಯ ಮಾತ್ರ ನೆನಪಿರಲಿ, ಜೂನ್‌ನಲ್ಲಿ ಅಲಾಸ್ಕಾದಲ್ಲಿ ಕತ್ತಲಾಗೋದೇ ರಾತ್ರಿ ಹತ್ತರ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆಲ್ಲ ಬೆಳಕು, ಹಾಗಾಗಿ ಅಮ್ಮ ಬೇಗ ಮಲಗೋರಾದ್ರೆ ಸ್ಕ್ರೀನ್ ಮೇಲೆ ಒಂದು ತೆಳು ಟವಲ್ ಇಳಿಬಿಡಬಹುದು ಅನ್ನಿಸೀತು, ಅದು ಬೇಡ, ಟಿವಿ ಬಿಸಿಯಾಗತ್ತೆ, ಮೆನುವಿನಲ್ಲಿ ಬ್ರೈಟ್‌ನೆಸ್ ಕಮ್ಮಿ ಮಾಡೋಕೆ ಬಂದ್ರೆ ಮಾಡಲಿ, ಇಲ್ಲಾಂದ್ರೆ ತಲೆ ಆ ಕಡೆ ಹಾಕಿ ಮಲಗಲಿ.

ಇನ್ನೂ ಮುಂದೆ ಹೋದ ವ್ಯವಸ್ಥೆನೂ ಇದೆ. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಹಡಗಿನ ಒಳಗಿನ ರೂಮುಗಳಲ್ಲಿ ದುಂಡು ಕಿಟಕಿಯ ಆಕಾರದ ಸ್ಕ್ರೀನ್ ಇಟ್ಟು ಹೊರಗಿನ ಸಮುದ್ರ ಲೈವ್ ತೋರಿಸೋಕೆ ಶುರು ಮಾಡಿದ್ರು, ಮಕ್ಕಳಿಗೆ ಅಂತ ಮಧ್ಯೆ ಮಧ್ಯೆ ಕಾರ್ಟೂನ್ ಪಾತ್ರಗಳೂ ಹಾದುಹೋಗ್ತವೆ. 2014ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಯವರು ನ್ಯಾವಿಗೇಟರ್ ಆಫ್ ದಿ ಸೀಸ್ ಹಡಗಲ್ಲಿ 80 ಇಂಚಿನ ಸ್ಕ್ರೀನನ್ನ ನೆಲದಿಂದ ಮೇಲಿನ ತನಕ ನಿಲ್ಲಿಸಿ ಬಾಲ್ಕನಿ ಥರ ಮಾಡಿದ್ರು, ಪಕ್ಕದಲ್ಲಿ ಕರ್ಟನ್ ಕೂಡ ಇತ್ತು. ತಂಗಿ ಬುಕ್ ಮಾಡಿದ ಹಡಗಲ್ಲಿ ಇಂಥ ರೂಮಿದ್ರೆ ಸ್ವಲ್ಪ ಜಾಸ್ತಿ ಕೊಟ್ಟಾದ್ರೂ ಬದಲಾಯಿಸಿ ಅಂತ ನಾನು ಹೇಳ್ತೀನಿ. ಅಪ್ಪ ರಿಟೈರ್ಡ್ ಸುಬೇದಾರ್ ಅಂತ ಬರೆದಿದೀರಲ್ಲ, ಅವರಿಗೆ ಮ್ಯಾಪ್ ಚಾನೆಲ್ ತೋರಿಸಿ, ಹಡಗು ಎಲ್ಲಿದೆ, ಎಷ್ಟು ವೇಗ, ಗಾಳಿ ಯಾವ ಕಡೆಯಿಂದ ಅಂತೆಲ್ಲ ಬರ್ತಿರತ್ತೆ, ಒಂದು ವಾರ ಅವರ ರಿಮೋಟ್ ಯಾರ ಕೈಗೂ ಸಿಗಲ್ಲ.

ಪ್ರಶ್ನೆ: ನಮ್ಮಲ್ಲಿ ಜುಲೈ ಮಳೆ ಜೋರಾದ್ರೆ ಡಿಶ್ ಟಿವಿ 'ನೋ ಸಿಗ್ನಲ್' ಅಂತ ನಿಂತುಬಿಡತ್ತೆ. ಅಲೆ ಮೇಲೆ ಅಲ್ಲಾಡ್ತಾ ಓಡೋ ಹಡಗಿಗೆ ಸಿಗ್ನಲ್ ಹೇಗೆ ಸಿಗತ್ತೆ? (ಮಡಿಕೇರಿಯ ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಈ ಪ್ರಶ್ನೆ ಓದಿ ನಂಗೆ ತುಂಬಾ ಖುಷಿಯಾಯ್ತಮ್ಮ. ಹಡಗಿನ ಫೋಟೋ ನೋಡಿದ್ರೆ ಮೇಲ್ಗಡೆ ದೊಡ್ಡ ಬಿಳಿ ಚೆಂಡಿನ ಥರ ಕಾಣತ್ತಲ್ಲ, ಅದು ಬರೀ ಮುಚ್ಚಳ, ಒಳಗಡೆ ಡಿಶ್ ಇರತ್ತೆ. ಆ ಡಿಶ್‌ಗೆ ಮೋಟಾರುಗಳು, ಹಡಗು ಎಷ್ಟು ವಾಲಿತು ಅಂತ ಅಳೆಯೋ ಸೆನ್ಸರ್‌ಗಳು ಜೋಡಿಸಿರ್ತಾರೆ, ಹಡಗು ಎಡಕ್ಕೆ ವಾಲಿದ್ರೆ ಡಿಶ್ ಅಷ್ಟೇ ಬಲಕ್ಕೆ ತಿರುಗಿ ಉಪಗ್ರಹದ ಮೇಲಿನ ಕಣ್ಣು ತೆಗೆಯಲ್ಲ, ನೀರು ತುಂಬಿದ ಕೊಡ ತಲೆ ಮೇಲಿಟ್ಟು ಏರು ಹತ್ತೋರು ಮೈ ಬಳುಕಿದ್ರೂ ಕೊಡ ಅಲ್ಲಾಡದ ಹಾಗೆ ನಡೀತಾರಲ್ಲ ಹಾಗೆ.

ಟಿವಿ ಉಪಗ್ರಹಗಳು ಭೂಮಧ್ಯ ರೇಖೆ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರ್ತವೆ, ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ಅವೂ ಸುತ್ತೋದ್ರಿಂದ ನಮಗೆ ಒಂದೇ ಜಾಗದಲ್ಲಿ ನಿಂತ ಹಾಗೆ. ಕೊಡಗು ಇರೋದು ಸುಮಾರು 12 ಡಿಗ್ರಿ ಉತ್ತರದಲ್ಲಿ, ಹಾಗಾಗಿ ನಮಗೆ ಉಪಗ್ರಹ ಆಕಾಶದಲ್ಲಿ ತುಂಬಾ ಎತ್ತರದಲ್ಲಿ ಸಿಗತ್ತೆ, ಬ್ರಹ್ಮಗಿರಿ ಬೆಟ್ಟ ಅಡ್ಡ ಬಂದು ಟಿವಿ ನಿಂತೋಯ್ತು ಅಂತ ಯಾರೂ ಹೇಳಲ್ಲ. ನಮ್ಮ ತೊಂದರೆ ಮಳೆ ಮಾತ್ರ, ದಪ್ಪ ಹನಿಗಳು ಆ ಸಿಗ್ನಲನ್ನ ಹೀರಿಬಿಡ್ತವೆ. ಅಲಾಸ್ಕಾದ ಜೂನೋ ಊರು 58 ಡಿಗ್ರಿಯಲ್ಲಿದೆ, ಅಲ್ಲಿ ಇಂಥ ಉಪಗ್ರಹ ದಕ್ಷಿಣದ ದಿಗಂತದ ಹತ್ತಿರ ಕೆಳಗೆ ಇಳಿದಿರತ್ತೆ, ಹಡಗು ಎರಡು ಬೆಟ್ಟದ ಮಧ್ಯದ ನೀರಿಗೆ ಹೋದ ತಕ್ಷಣ ಬೆಟ್ಟ ಅಡ್ಡ. ಆಗ ಲೈವ್ ಚಾನೆಲ್‌ಗಳೆಲ್ಲ ನೀಲಿ ಪರದೆ. ಪ್ರಯಾಣಿಕರು ಫೋನ್ ಮಾಡಿ ನಿಮ್ಮ ಟಿವಿ ಕೆಟ್ಟಿದೆ ಅಂತಿದ್ರು, ನಾವು ಬಾಲ್ಕನಿಗೆ ಹೋಗಿ ನೋಡಿ, ಆ ಬೆಟ್ಟ ದಾಟಿದ ಮೇಲೆ ಬರತ್ತೆ ಅಂತ ಹೇಳ್ತಿದ್ವಿ.

ಆದರೆ ಸಿನಿಮಾ, ಹಡಗಿನ ಕ್ಯಾಮೆರಾ, ನಾಳೆ ಇಳಿಯೋ ಊರಿನ ಪರಿಚಯ ಇವೆಲ್ಲ ನಿಲ್ಲಲ್ಲ, ಯಾಕಂದ್ರೆ ಅವು ಆಕಾಶದಿಂದ ಬರೋದೇ ಅಲ್ಲ, ಹಡಗಿನ ಒಳಗಿರೋ ಸರ್ವರ್‌ನಿಂದ ಕೇಬಲ್ ಮೂಲಕ ರೂಮಿಗೆ ಬರತ್ತೆ. ಈಗ ಇನ್ನೊಂದು ದೊಡ್ಡ ಬದಲಾವಣೆ ಆಗಿದೆ. ಸ್ಟಾರ್‌ಲಿಂಕ್ ಅನ್ನೋ ಇಂಟರ್ನೆಟ್ ಉಪಗ್ರಹಗಳು 500 ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲೇ ಸಾವಿರಗಟ್ಟಲೆ ಓಡಾಡ್ತವೆ, ಒಂದು ಬೆಟ್ಟದ ಹಿಂದೆ ಮರೆಯಾದ್ರೆ ಇನ್ನೊಂದು ಬಂದಿರತ್ತೆ. 2022ರ ಆಗಸ್ಟ್‌ನಲ್ಲಿ ರಾಯಲ್ ಕೆರಿಬಿಯನ್ ತನ್ನ ಹಡಗುಗಳಿಗೆ ಅದನ್ನ ಹಾಕ್ತೀವಿ ಅಂತ ಹೇಳಿತು, ಆಮೇಲೆ ಬೇರೆಯವರೂ ಹಾಕಿದ್ರು. ನಿಂಗೆ ಇದರಲ್ಲಿ ಆಸಕ್ತಿ ಇದ್ರೆ ಎಲೆಕ್ಟ್ರಾನಿಕ್ಸ್ ತಗೋ, ಹಡಗಲ್ಲಿ ಈ ಕೆಲಸಕ್ಕೆ ಹುಡುಗಿಯರೂ ಇದಾರೆ, ನನ್ನ ಜೊತೆ ಕೆಲಸ ಮಾಡಿದವರಲ್ಲೇ ಇಬ್ಬರಿದ್ರು.

ಪ್ರಶ್ನೆ: ರೂಮಿನ ಟಿವಿಯಲ್ಲಿ ಕ್ರಿಕೆಟ್ ಬರತ್ತಾ? (ಗೋಣಿಕೊಪ್ಪದ ಓದುಗರು)

ಉತ್ತರ: ವಿಮಾನ ಮತ್ತೆ ಹಡಗುಗಳಿಗೆ ಅಂತಲೇ ಸ್ಪೋರ್ಟ್ 24 ಅನ್ನೋ ಲೈವ್ ಚಾನೆಲ್ ಇದೆ, ಅದರಲ್ಲಿ ಫುಟ್‌ಬಾಲ್, ಟೆನಿಸ್, ಗಾಲ್ಫ್‌ಗೆ ಜಾಗ ಜಾಸ್ತಿ. ನಿಮಗೆ ಬೇಕಾದ ಪಂದ್ಯದ ತಾರೀಕು ಇಟ್ಕೊಂಡು ಹೊರಡೋ ಮುಂಚೆನೇ ಕಂಪನಿಗೆ ಮೇಲ್ ಹಾಕಿ ಕೇಳಿ. ನಮ್ಮ ಕೊಡವ ಒಕ್ಕಗಳ, ಅಂದ್ರೆ ಮನೆತನಗಳ, ಹಾಕಿ ಪಂದ್ಯದ ಸಮಯದಲ್ಲಿ ಹಡಗಲ್ಲಿದ್ರೆ ಮಾತ್ರ ಫೋನೇ ಗತಿ, ನಾನು ಎಷ್ಟೋ ವರ್ಷ ಫೈನಲ್ ಸ್ಕೋರನ್ನ ಅಣ್ಣನ ಮೆಸೇಜಲ್ಲೇ ನೋಡಿದ್ದು, ಆ ಬೇಜಾರು ಇವತ್ತಿಗೂ ಇದೆ.

ಪ್ರಶ್ನೆ: ಕೊಚ್ಚಿಯಿಂದ ಹೊರಡೋ ಹಡಗಲ್ಲಿ ಮಕ್ಕಳ ಜೊತೆ ಹೋಗ್ತಿದೀವಿ. ಪೆನ್‌ಡ್ರೈವ್, ಟಿವಿಗೆ ಚುಚ್ಚಿ ಇಂಟರ್ನೆಟ್ ವಿಡಿಯೋ ನೋಡೋ ಫೈರ್ ಸ್ಟಿಕ್, ಎಕ್ಸ್‌ಟೆನ್ಷನ್ ಬಾಕ್ಸ್ ತಗೊಂಡು ಹೋಗಬಹುದಾ? ಹಾಟ್‌ಸ್ಟಾರ್ ಓಪನ್ ಆಗತ್ತಾ? (ಕುಶಾಲನಗರದ ದಂಪತಿ)

ಉತ್ತರ: ಎಕ್ಸ್‌ಟೆನ್ಷನ್ ಬಾಕ್ಸ್ ಮನೆಯಲ್ಲೇ ಬಿಡಿ. ಹೆಚ್ಚಿನ ಕಂಪನಿಗಳು ಬಿಡಲ್ಲ, ಸ್ಕ್ಯಾನಿಂಗಲ್ಲಿ ಕಂಡ್ರೆ ತೆಗೆದಿಟ್ಕೊಂಡು ಇಳಿಯುವಾಗ ಕೊಡ್ತಾರೆ. ಅದು ಸುಮ್ಮನೆ ಕಿರಿಕಿರಿ ಅಲ್ಲ, ಹಡಗಿನ ಕರೆಂಟಿಗೆ ಅರ್ತ್ ಕೊಡೋ ರೀತಿನೇ ನಮ್ಮ ಮನೆಯದಕ್ಕಿಂತ ಬೇರೆ, ಕರೆಂಟ್ ಏಕಾಏಕಿ ಏರಿದ್ರೆ ತಡೆಯೋ ಸರ್ಜ್ ಪ್ರೊಟೆಕ್ಟರ್ ಇರೋ ಬಾಕ್ಸ್ ಅಲ್ಲಿ ಬಿಸಿಯಾಗಿ ಬೆಂಕಿ ಹತ್ತಬಹುದು. ನಡು ಸಮುದ್ರದಲ್ಲಿ ಬೆಂಕಿ ಅಂದ್ರೆ ಓಡೋಕೆ ಜಾಗ ಇಲ್ಲ, ಇದಕ್ಕೆ ದಯವಿಟ್ಟು ವಾದ ಮಾಡಬೇಡಿ. ಅದರ ಬದಲು ನಾಲ್ಕು ಯುಎಸ್‌ಬಿ ಇರೋ ಒಂದು ಚಾರ್ಜರ್ ತಗೊಳ್ಳಿ. ರೂಮಲ್ಲಿ ಸಾಮಾನ್ಯವಾಗಿ ಅಮೆರಿಕದ ಚಪ್ಪಟೆ ಪಿನ್ನಿನ 110 ವೋಲ್ಟ್ ಸಾಕೆಟ್ ಒಂದು, ಯುರೋಪಿನ ದುಂಡು ಪಿನ್ನಿನ 220 ವೋಲ್ಟ್ ಸಾಕೆಟ್ ಒಂದು ಇರತ್ತೆ, ನಮ್ಮ ಫೋನ್ ಚಾರ್ಜರಿನ ಎರಡು ಸಣ್ಣ ದುಂಡು ಪಿನ್ನು ಎರಡನೇದಕ್ಕೆ ಕೂರತ್ತೆ.

ಟಿವಿ ಹಿಂದೆ ಬೇರೆ ಸಾಧನ ಜೋಡಿಸೋ ಎಚ್‌ಡಿಎಂಐ ತೂತು ಇದ್ರೂ ಹೋಟೆಲ್ ಟಿವಿ ಥರ ಲಾಕ್ ಮಾಡಿರ್ತಾರೆ, ರಿಮೋಟಲ್ಲಿ ಇನ್‌ಪುಟ್ ಬಟನ್ನೇ ಇರಲ್ಲ. ಕೆಲವು ಕಡೆ ತೆರೆದಿರತ್ತೆ, ಒಂದು ಕೇಬಲ್ ಬ್ಯಾಗಲ್ಲಿ ಇದ್ರೆ ನಷ್ಟ ಇಲ್ಲ. ಅಲ್ಲಿರೋ ವೈರು ಕಿತ್ತು ನಿಮ್ಮದು ಹಾಕೋ ಪ್ರಯತ್ನ ಮಾತ್ರ ಬೇಡ, ಆಮೇಲೆ ಹಡಗಿನ ಚಾನೆಲ್ ಯಾವುದೂ ಬರಲ್ಲ, ಟೆಕ್ನಿಷಿಯನ್ ಬರೋ ತನಕ ಕಾಯಬೇಕು. ಫೈರ್ ಸ್ಟಿಕ್ ಹಡಗಿನ ವೈಫೈಗೆ ಸೇರೋದು ಕಷ್ಟ, ಲಾಗಿನ್ ಪೇಜ್ ಬರತ್ತೆ, ಒಂದೊಂದು ಸಾಧನಕ್ಕೂ ಬೇರೆ ದುಡ್ಡು ಕೇಳೋದೂ ಇದೆ. ಇನ್ನು ಹಾಟ್‌ಸ್ಟಾರ್ ಥರದ ಆ್ಯಪ್‌ಗಳು ನೀವು ಯಾವ ದೇಶದಲ್ಲಿದೀರ ಅಂತ ಇಂಟರ್ನೆಟ್ ವಿಳಾಸದಿಂದ ಲೆಕ್ಕ ಹಾಕ್ತವೆ, ಹಡಗಿನ ಇಂಟರ್ನೆಟ್ ಬೇರೆ ದೇಶದ್ದು ಅಂತ ಕಂಡ್ರೆ ತೆರೆಯಲ್ಲ. ಹಾಗಾಗಿ ಮಕ್ಕಳಿಗೆ ಬೇಕಾದ್ದೆಲ್ಲ ಮನೆಯಲ್ಲೇ, ಫೈಬರ್ ಕಟ್ ಆಗಿರದ ದಿನ ನೋಡಿ ಟ್ಯಾಬ್‌ಗೆ ಡೌನ್‌ಲೋಡ್ ಮಾಡ್ಕೊಳ್ಳಿ, ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಂದೊಂದೂ ಓಡತ್ತಾ ಅಂತ ನೋಡಿ. ಹಡಗು ದಡ ಬಿಡ್ತಿದ್ದ ಹಾಗೆ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲಾಂದ್ರೆ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಹಿಡ್ಕೊಂಡು ಬಿಲ್ ಸಾವಿರಗಟ್ಟಲೆ ಬರತ್ತೆ.

ರೂಮಿನ ಟಿವಿಯಲ್ಲಿ ಸಿನಿಮಾ ಒತ್ತುವಾಗಲೂ ಕೆಳಗೆ ರೇಟ್ ಇದೆಯಾ ನೋಡಿ, ಕೆಲವು ಫ್ರೀ, ಕೆಲವು ರೂಮಿನ ಬಿಲ್ಲಿಗೆ ಸೇರತ್ತೆ, ಆ ಬಿಲ್ಲನ್ನ ಅದೇ ಟಿವಿಯಲ್ಲಿ ದಿನಾ ನೋಡಬಹುದು. ನನ್ನ ಕೇಳಿದ್ರೆ ಸಿನಿಮಾ ಡೆಕ್ ಮೇಲೆ, ಅಂದ್ರೆ ಹಡಗಿನ ತೆರೆದ ಮಹಡಿಯಲ್ಲಿ ನೋಡಿ ಅಂತೀನಿ. 2004ರಲ್ಲಿ ಪ್ರಿನ್ಸೆಸ್ ಕಂಪನಿ ಕೆರಿಬಿಯನ್ ಪ್ರಿನ್ಸೆಸ್ ಹಡಗಲ್ಲಿ ಈಜುಕೊಳದ ಪಕ್ಕ ದೊಡ್ಡ ಪರದೆ ಹಾಕಿ ನಕ್ಷತ್ರದ ಕೆಳಗೆ ಸಿನಿಮಾ ಶುರು ಮಾಡಿತು, ಆಮೇಲೆ ಬೇರೆ ಬೇರೆ ಹಡಗಿಗೂ ಬಂತು. ಕಂಬಳಿ ಹೊದ್ದು ಗಾಳಿಗೆ ಕೂತು ನೋಡೋ ಆ ಸುಖ ರೂಮಲ್ಲಿ ಎಲ್ಲಿ ಬರತ್ತೆ.

ಪ್ರಶ್ನೆ: ಹೋದ ವರ್ಷ ನಾವು ಹತ್ತಿದ ತಕ್ಷಣ ಟಿವಿ ತಾನಾಗೇ ಆನ್ ಆಗಿ ಲೈಫ್ ಜಾಕೆಟ್ ವಿಡಿಯೋ ಶುರುವಾಯ್ತು. ನಮ್ಮವರು ಆಫ್ ಮಾಡಿಬಿಟ್ರು. ತಪ್ಪಾ? (ಸೋಮವಾರಪೇಟೆಯ ಓದುಗರು)

ಉತ್ತರ: ಹೌದು ಅಕ್ಕ, ತಪ್ಪು. ರೂಮಿನ ಟಿವಿ ಮಾಡೋ ಕೆಲಸಗಳಲ್ಲಿ ಅತಿ ಮುಖ್ಯವಾದ್ದು ಅದೇ. 2012ರ ಜನವರಿ 13ರ ರಾತ್ರಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಹೊಡೆದು ವಾಲಿತು, 32 ಜನ ಹೋದ್ರು. ಅವತ್ತೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ, ಅಪಾಯ ಬಂದ್ರೆ ಏನು ಮಾಡಬೇಕು ಅಂತ ಕಲಿಸೋ ಡ್ರಿಲ್ಲೇ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆ ಒಳಗೆ ಮಾಡಿದ್ರೆ ಸಾಕಿತ್ತು, 2015ರ ಜನವರಿಯಿಂದ ಹಡಗು ಹೊರಡೋ ಮುಂಚೆ ಅಥವಾ ಹೊರಟ ತಕ್ಷಣ ಮಾಡಲೇಬೇಕು ಅಂತ ಬದಲಾಯಿಸಿದ್ರು. 2020ರ ನಂತರ ಎಷ್ಟೋ ಹಡಗಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸೋ ಬದಲು ವಿಡಿಯೋ ರೂಮಲ್ಲೇ ನೋಡಿ, ಆಮೇಲೆ ಅಪಾಯ ಬಂದಾಗ ನೀವು ಸೇರಬೇಕಾದ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿ ಅನ್ನೋ ಕ್ರಮ ಬಂತು. ಕೆಲವೇ ನಿಮಿಷ, ಮನೆಯವರೆಲ್ಲ ಮಂಚದ ಮೇಲೆ ಕೂತು ಪೂರ್ತಿ ನೋಡಿ, ಅಲ್ಲಿ ತೋರಿಸೋ ಜಾಗಕ್ಕೆ ರೂಮಿಂದ ಮೆಟ್ಟಿಲಲ್ಲಿ ಒಂದು ಸಲ ನಡೆದು ಹೋಗಿ ಬನ್ನಿ.

ಪ್ರಶ್ನೆ: ಮಗ ಕ್ರೂಸ್ ಹಡಗಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿ ಮೂರು ತಿಂಗಳಾಯ್ತು. ಪ್ರಯಾಣಿಕರ ರೂಮಿನ ಟಿವಿ ಒರೆಸ್ತೀನಿ ಅಂತಾನೆ, ಅವನ ರೂಮಲ್ಲಿ ಟಿವಿ ಇದೆಯಾ ಕೇಳಿದ್ರೆ ನಗ್ತಾನೆ. ಅವರಿಗೆ ಏನಾದ್ರೂ ಇರತ್ತಾ? (ನಾಪೋಕ್ಲುವಿನ ಒಬ್ಬ ತಾಯಿ)

ಉತ್ತರ: ಅಮ್ಮ, ಇರತ್ತೆ. ಕೆಲಸದವರ ರೂಮುಗಳು ಹಡಗಿನ ಕೆಳಗಿನ ಡೆಕ್‌ಗಳಲ್ಲಿ, ಸಾಮಾನ್ಯವಾಗಿ ಇಬ್ಬರಿಗೆ ಒಂದು ರೂಮು, ಮೇಲೊಂದು ಕೆಳಗೊಂದು ಮಂಚ, ಗೋಡೆಗೆ ಒಂದು ಸಣ್ಣ ಟಿವಿ. ಒಬ್ಬ ರಾತ್ರಿ ಪಾಳಿ ಮುಗಿಸಿ ಮಲಗಿದ್ರೆ ಇನ್ನೊಬ್ಬ ಟಿವಿ ಹಾಕಲ್ಲ, ಅದಕ್ಕೇ ನಕ್ಕಿರಬೇಕು. ಊಟದ ಮೆಸ್ಸಲ್ಲಿ, ಕೂತು ಹರಟೆ ಹೊಡೆಯೋ ರೂಮಲ್ಲಿ ದೊಡ್ಡ ಟಿವಿ ಇರತ್ತೆ. ಇದು ಕಂಪನಿಯವರ ದಯೆ ಮಾತ್ರ ಅಲ್ಲ, 2006ರ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಮಾರ್ಗಸೂಚಿಯಲ್ಲೇ ಟಿವಿ ನೋಡೋಕೆ, ಸಿನಿಮಾಗೆ, ಪುಸ್ತಕಕ್ಕೆ ವ್ಯವಸ್ಥೆ ಇರಬೇಕು ಅಂತ ಬರೆದಿದೆ, ಅದು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. 2024ರ ಡಿಸೆಂಬರ್‌ನಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಸಾಧ್ಯವಾದ ಮಟ್ಟಿಗೆ ಇಂಟರ್ನೆಟ್ಟೂ ಕೊಡಬೇಕು, ದುಡ್ಡು ತಗೊಂಡ್ರೂ ಅದು ನ್ಯಾಯವಾಗಿರಬೇಕು.

ಮೊದಲ ಕಾಂಟ್ರ್ಯಾಕ್ಟ್ ತುಂಬಾ ಕಷ್ಟ ಅಮ್ಮ, ನಾನು ಮೊದಲನೇ ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕೆಳಗಿನ ಡೆಕ್ಕಲ್ಲಿ ಬಂಕ್ ಮೇಲೆ ಮಲಗಿ, ಟಿವಿಯಲ್ಲಿ ಮುಂಭಾಗದ ಕ್ಯಾಮೆರಾ ಹಾಕಿ ಸಮುದ್ರದ ಮೇಲಿನ ಹುಣ್ಣಿಮೆ ಬೆಳಕು ನೋಡ್ತಾ ಅತ್ತಿದ್ದೆ. ಮಗನಿಗೆ ವಿಡಿಯೋ ಕಾಲ್ ಸಿಗದಿದ್ರೆ ಬೇಜಾರು ಮಾಡ್ಕೋಬೇಡಿ, ಅವನ ಇಂಟರ್ನೆಟ್ ಪ್ಯಾಕ್ ಅದರಲ್ಲೇ ಖಾಲಿಯಾಗಬಹುದು. ವಾಯ್ಸ್ ಮೆಸೇಜ್ ಸಣ್ಣದು, ಸಿಗ್ನಲ್ ಸ್ವಲ್ಪ ಬಂದ್ರೂ ತಲುಪತ್ತೆ. ಈ ಸಲ ಹುತ್ತರಿಗೆ ಗದ್ದೆಯಲ್ಲಿ ಕದಿರು ತೆಗೆಯುವಾಗ ಕೋವಿ ಸದ್ದು, ಎಲ್ಲರೂ 'ಪೊಲಿ ಪೊಲಿ ದೇವಾ' ಅನ್ನೋದು ಎಲ್ಲ ಫೋನಲ್ಲಿ ರೆಕಾರ್ಡ್ ಮಾಡಿ ಅವನಿಗೆ ಕಳಿಸಿ.