ಆಪ್‌ಡೇಟಾ ಫೋಲ್ಡರ್‌ನಲ್ಲಿರುವ ಎಸ್‌ವಿಸಿಹೋಸ್ಟ್ ಅಳಿಸಬಹುದಾ?

ಎಸ್‌ವಿಸಿಹೋಸ್ಟ್ (svchost.exe) ಅನ್ನೋದು ವಿಂಡೋಸ್‌ನ ಹಿನ್ನೆಲೆ ಕೆಲಸಗಳನ್ನು ನಡೆಸುವ ಫೈಲ್, ಆಪ್‌ಡೇಟಾ ಅಂದ್ರೆ ಆಪ್‌ಗಳು ತಮ್ಮ ಡೇಟಾ ಇಡುವ ಫೋಲ್ಡರ್. ಅಲ್ಲಿರೋದು ಹೆಚ್ಚಾಗಿ ಪೆನ್‌ಡ್ರೈವ್‌ನಿಂದ ಬಂದ ವೈರಸ್, ಆ ವಿಂಡೋಸ್ ಫೈಲಿನ ಹೆಸರಿಟ್ಟುಕೊಂಡು ಕೂತಿದೆ. ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಮೇಲೆ ಶುರುವಾಯ್ತು ಅಂದಿದ್ದೀರಲ್ವಾ, ಅದಕ್ಕೇ ಈ ಅನುಮಾನ. ಖಚಿತವಾಗಿ ಸ್ಕ್ಯಾನ್ ಮಾತ್ರ ಹೇಳಬಲ್ಲದು.

ಟಾಸ್ಕ್ ಮ್ಯಾನೇಜರ್‌ನಲ್ಲಿ ಹತ್ತಾರು ಎಸ್‌ವಿಸಿಹೋಸ್ಟ್ ಕಾಣೋದು ಮಾಮೂಲಿ, ಗಾಬರಿ ಬೇಡ. ನೋಡಬೇಕಾದ್ದು ಜಾಗ. ಡೀಟೇಲ್ಸ್‌ಗೆ ಹೋಗಿ, ಒಂದೊಂದರ ಮೇಲೂ ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಒತ್ತಿ. ಅಸಲಿ ಫೈಲ್ ಇರೋದು ವಿಂಡೋಸ್ ಫೋಲ್ಡರ್ ಒಳಗಿನ ಸಿಸ್ಟಮ್32 ಅಥವಾ ಸಿಸ್‌ವಾವ್64ನಲ್ಲಿ. ಅಲ್ಲಿರೋದನ್ನು ದಯವಿಟ್ಟು ಮುಟ್ಟಬೇಡಿ, ಕಂಪ್ಯೂಟರ್ ಆನ್ ಆಗದೇ ಹೋಗಬಹುದು.

ಆಪ್‌ಡೇಟಾದಲ್ಲಿರೋದನ್ನೂ ಸುಮ್ನೆ ಡಿಲೀಟ್ ಮಾಡಿದರೆ ಸಾಲದು, ಮತ್ತೆ ಹುಟ್ಟಿಕೊಳ್ಳಬಹುದು. ಮೊದಲು ವೈಫೈ ಆಫ್ ಮಾಡಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ, ಅದಕ್ಕೆ ಮೊದಲೇ ತೆರೆದಿರುವ ಕೆಲಸ ಸೇವ್ ಮಾಡಿಕೊಳ್ಳಿ. ಸುಮಾರು 15 ನಿಮಿಷ ಹಿಡಿಯುತ್ತೆ. ಆಮೇಲೆ ಸ್ಟಾರ್ಟಪ್ ಆಪ್ಸ್ ಮತ್ತು ಟಾಸ್ಕ್ ಶೆಡ್ಯೂಲರ್‌ನಲ್ಲಿ (ತಾನಾಗೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿಗಳು) ಆಪ್‌ಡೇಟಾದ ಆ ಎಸ್‌ವಿಸಿಹೋಸ್ಟ್ ಫೈಲಿಗೆ ಹೋಗುವ ಎಂಟ್ರಿ ಉಳಿದಿದ್ರೆ ತೆಗೆಯಿರಿ.

ಪೆನ್‌ಡ್ರೈವ್‌ನ ಯಾವ ಫೈಲನ್ನೂ ತೆರೆಯದೆ ಅದನ್ನೂ ಸ್ಕ್ಯಾನ್ ಮಾಡಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಈ ಕಂಪ್ಯೂಟರ್‌ನಿಂದ ಬೇಡ, ಮೊಬೈಲ್‌ನಿಂದ ಇವತ್ತೇ ಬದಲಾಯಿಸಿ.